ಬಿ. ಆರ್. ದೇವಧರ

ಹಿಂದುಸ್ತಾನಿ ಸಂಗೀತದ ಶಿಕ್ಷಕ, ಪತ್ರಿಕಾ ಸಂಪಾದಕ ಬಿ. ಆರ್. ದೇವಧರ (1901–1990) ಹುಟ್ಟಿದ್ದು ಕನ್ನಡ, ಮರಾಠಿ ಎರಡೂ ಕಿವಿಗೆ ಬೀಳುವ ಮಿರಜಿನಲ್ಲಿ. ಅಲ್ಲಿ ಅವರಿಗೆ ಪಾಠ ಹೇಳಿದವರಲ್ಲಿ ನೀಲಕಂಠಬುವಾ ಒಬ್ಬರು. ಮುಂದೆ ಮುಂಬಯಿಯಲ್ಲಿ ವಿಷ್ಣು ದಿಗಂಬರ ಪಲುಸ್ಕರರಲ್ಲಿ ಕಲಿತು, 1925ರಲ್ಲಿ ಅದೇ ನಗರದಲ್ಲಿ ಸ್ಕೂಲ್ ಆಫ್ ಇಂಡಿಯನ್ ಮ್ಯೂಸಿಕ್ ತೆರೆದರು. 1947ರಲ್ಲಿ ಶುರುವಾದ ‘ಸಂಗೀತ ಕಲಾ ವಿಹಾರ’ ಪತ್ರಿಕೆಯ ಸಂಪಾದಕತ್ವವೂ ಅವರ ಹೆಗಲಿಗೆ ಬಂತು. ಮೇಲುನೋಟಕ್ಕೆ ಇವು ಎರಡು ಉದ್ಯೋಗಗಳು. ಆದರೆ ಘರಾಣೆಗಳು (ಗಾಯನ ಪರಂಪರೆಗಳು) ತಮ್ಮತಮ್ಮಲ್ಲೇ ಬಚ್ಚಿಟ್ಟುಕೊಂಡಿದ್ದ ವಿದ್ಯೆಯನ್ನು ಹೊರಗೆ ತರುವ ಒಂದೇ ಕೆಲಸವನ್ನು ದೇವಧರರು ಎರಡೂ ಕಡೆ ಮಾಡಿದರು. ಮುಂಬಯಿಯಲ್ಲಿ ಫಕೀರನಂತೆ ಬದುಕಿದ್ದ ಗಾಯಕ ಸಿಂಧೆ ಖಾನರ ಬಳಿ ಕೂತು ಚೀಜುಗಳನ್ನು (ರಾಗಬದ್ಧ ರಚನೆಗಳನ್ನು) ಕಲಿತರು, ಬಡೇ ಗುಲಾಂ ಅಲಿ ಖಾನರಿಂದಲೂ ಕಲಿತರು. ಹಿರಿಯ ಗಾಯಕರ ಬದುಕು, ಗಾಯನಗಳ ಬಗ್ಗೆ ಅವರು ಬರೆದ ಲೇಖನಗಳು ‘ಥೋರ್ ಸಂಗೀತಕಾರ್’ ಎಂಬ ಮರಾಠಿ ಪುಸ್ತಕವಾದವು. ಧ್ವನಿಮುದ್ರಣವೇ ಇಲ್ಲದ ಅಥವಾ ಮೂರು ನಿಮಿಷದ ಗ್ರಾಮಫೋನ್ ತಟ್ಟೆಗಳಷ್ಟೇ ಉಳಿದಿರುವ ಗಾಯಕರ ಬಗ್ಗೆ ಇಂಥ ಬರವಣಿಗೆಗೆ ಬೆಲೆ ಕಟ್ಟಲಾಗದು.

ಹಲವರಿಂದ ಕಲಿತದ್ದನ್ನು ಕಲಸಿದರೆ ಒಂದು ಬಾನಿಯೂ ಗಟ್ಟಿಯಾಗಿ ಕೂರುವುದಿಲ್ಲ, ತರಗತಿಯ ಪಾಠದಿಂದ ಕಚೇರಿಯ ಗಾಯಕರು ಹುಟ್ಟುವುದಿಲ್ಲ ಎಂಬ ಆಕ್ಷೇಪ ದೇವಧರರದರಂಥ ಶಾಲೆಗಳ ಮೇಲಿದೆ. ಎರಡನೆಯ ಮಾತಿನಲ್ಲಿ ಸತ್ಯಾಂಶ ಉಂಟು: ಇಂಥ ಶಾಲೆಗಳು ಹೆಚ್ಚಾಗಿ ಕೊಟ್ಟಿದ್ದು ಒಳ್ಳೆಯ ಕೇಳುಗರನ್ನು, ಮೇಷ್ಟರುಗಳನ್ನು. ಅದೂ ಸಣ್ಣ ಕೊಡುಗೆಯಲ್ಲ. ಮೊದಲನೆಯದಕ್ಕೆ ಮಾತ್ರ ಕುಮಾರ ಗಂಧರ್ವರೇ ಉತ್ತರ. ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಶಿವಪುತ್ರ ಕೊಂಕಾಳಿಮಠ (ಇದು ಕುಮಾರರ ಹುಟ್ಟುಹೆಸರು), ದೊಡ್ಡ ಉಸ್ತಾದರ ಗ್ರಾಮಫೋನ್ ತಟ್ಟೆಗಳನ್ನು ಕೇಳಿದ ಹಾಗೆಯೇ ಹಾಡಿ ಬಾಲಪ್ರತಿಭೆ ಎನಿಸಿಕೊಂಡ ಮೇಲೆ ದೇವಧರರ ಶಾಲೆ ಸೇರಿದ ಹುಡುಗ. ಅಂಥ ಪ್ರತಿಭೆ ಎಲ್ಲಿದ್ದರೂ ಬೆಳೆಯುತ್ತಿತ್ತು, ಶಾಲೆಗೆ ಅದರ ಶ್ರೇಯಸ್ಸೇಕೆ ಎನ್ನಬಹುದು. ಆದರೆ ಯಾರನ್ನಾದರೂ ಅನುಕರಿಸಬಲ್ಲ ಹುಡುಗನಿಗೆ ಬೇಕಿದ್ದುದು ಅನುಕರಣೆ ಬಿಡಿಸುವ ಗುರು. ಒಂದೇ ಘರಾಣೆಗೆ ಸಿಕ್ಕಿದ್ದರೆ ಆತ ಅದರ ಅತ್ಯುತ್ತಮ ಪಡಿಯಚ್ಚಾಗುವ ಅಪಾಯವೇ ಹೆಚ್ಚಿತ್ತು. ದೇವಧರರ ಶಾಲೆಯಲ್ಲಿ ಹಲವು ಬಾನಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡುವ, ಹೀಗೇಕೆ ಹಾಡುತ್ತಾರೆಂದು ಕೇಳುವ ಅವಕಾಶವಿತ್ತು. ಅಲ್ಲಿ ಕಲಿತ ಕುಮಾರರು ಮುಂದೆ ಅಲ್ಲಿಯೇ ಪಾಠವನ್ನೂ ಹೇಳಿದರು. 1965ರಲ್ಲಿ ‘ಅನೂಪರಾಗವಿಲಾಸ’ ಪುಸ್ತಕದಲ್ಲಿ ಸ್ವಂತ ರಚನೆಗಳನ್ನು ಪ್ರಕಟಿಸಿದರು. ಅವರ ಗಾಯನಕ್ಕೆ ಇಂಥದ್ದೇ ಘರಾಣೆಯೆಂದು ಹೆಸರಿಡಲು ವಿಮರ್ಶಕರು ಪಟ್ಟ ಪಾಡು ಗುರುವಿನ ಪಾಠಕ್ರಮಕ್ಕೂ ಸಾಕ್ಷಿ.