ನಿದ್ದೆಯ ಕಾವಲುಗಾರರು

‘ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ’ ಎಂಬುದು ನಮ್ಮಲ್ಲಿ ಎಲ್ಲರ ಬಾಯಲ್ಲೂ ಇರುವ ಗಾದೆ. ನಿದ್ದೆ ಬಂದರೆ ಅದು ಭಾಗ್ಯ, ಬಾರದಿದ್ದರೆ ಮನಸ್ಸಿನ ದೋಷ. ಇಷ್ಟರಲ್ಲಿ ವಿಚಾರ ಮುಗಿಯಿತೆಂದೇ ಬಹುಕಾಲ ಜನ ನಂಬಿದ್ದರು. ಆದರೆ ಮಲಗಿದವನು ತನ್ನ ನಿದ್ದೆಗೆ ತಾನೇ ಸಾಕ್ಷಿಯಾಗಲಾರ. ರಾತ್ರಿಯೆಲ್ಲ ಗೊರಕೆ ಹೊಡೆದವನು ಬೆಳಗ್ಗೆ ಅದನ್ನು ಒಪ್ಪುವುದಿಲ್ಲ. ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರುವವನಿಗಂತೂ ಅದರ ಸುಳಿವೇ ಇರುವುದಿಲ್ಲ. ಸಾಕ್ಷಿ ಬೇಕಾದರೆ ಇನ್ನೊಬ್ಬನು ಎಚ್ಚರವಾಗಿರಬೇಕು. ಹಾಗೆ ಎಚ್ಚರವಾಗಿರುವುದೇ ಒಂದು ವಿದ್ಯೆಯಾಗಿ, ಅದಕ್ಕೆ ಪರೀಕ್ಷೆಯೂ ಅರ್ಹತಾಪತ್ರವೂ ಏರ್ಪಟ್ಟ ಕಥೆಯನ್ನು ಇಲ್ಲಿ ಹೇಳಬೇಕೆಂದಿದ್ದೇನೆ. ಕಥೆ ನಡೆದುದು ಬಹುಮಟ್ಟಿಗೆ ಅಮೆರಿಕದಲ್ಲಿ. ಆರಂಭ ಮಾತ್ರ ಜರ್ಮನಿಯಲ್ಲಿ.

ಯೇನಾ ನಗರದ ಮನೋವೈದ್ಯ ಹಾನ್ಸ್ ಬರ್ಗರನು 1924ರಲ್ಲಿ ಮನುಷ್ಯನ ಮಿದುಳಿನ ವಿದ್ಯುತ್ತಿನ ಏರಿಳಿತವನ್ನು ತಲೆಯ ಹೊರಗಿನಿಂದಲೇ ದಾಖಲಿಸಿ, 1929ರಲ್ಲಿ ಅದನ್ನು ಪ್ರಕಟಿಸಿದನು. ಮಲಗಿದವನನ್ನು ಎಬ್ಬಿಸದೆಯೇ ಅವನ ನಿದ್ದೆಯ ಆಳವನ್ನು ಅಳೆಯುವ ದಾರಿ ಇದರಿಂದ ತೆರೆಯಿತು. ನ್ಯೂಯಾರ್ಕಿನ ಸಮೀಪ ಟಕ್ಸೀಡೋ ಪಾರ್ಕಿನಲ್ಲಿ ಸ್ವಂತ ಪ್ರಯೋಗಶಾಲೆಯನ್ನು ಇಟ್ಟುಕೊಂಡಿದ್ದ ಆಲ್ಫ್ರೆಡ್ ಲೂಮಿಸ್ ಎಂಬ ಧನಿಕನು 1937ರಲ್ಲಿ ತನ್ನ ಸಂಗಡಿಗರೊಡನೆ ನಿದ್ದೆಯನ್ನು ಐದು ಹಂತಗಳಾಗಿ ವಿಂಗಡಿಸಿದನು.

ಮುಂದಿನ ದೊಡ್ಡ ಹೆಜ್ಜೆಯನ್ನಿಟ್ಟವನು ಷಿಕಾಗೋ ವಿಶ್ವವಿದ್ಯಾನಿಲಯದ ಒಬ್ಬ ವಿದ್ಯಾರ್ಥಿ, ಯೂಜೀನ್ ಅಸೆರಿನ್ಸ್ಕಿ. ಅವನ ಗುರು, ನಿದ್ರಾಶಾಸ್ತ್ರದ ಹಿರಿಯನಾದ ನಥಾನಿಯಲ್ ಕ್ಲೈಟ್‌ಮನ್. ಶಿಷ್ಯನು ನೆಲಮಾಳಿಗೆಯಲ್ಲಿ ಬಿದ್ದಿದ್ದ ಹಳೆಯ ಯಂತ್ರವೊಂದನ್ನು ಮೇಲಕ್ಕೆ ತಂದು, 1951ರ ಡಿಸೆಂಬರಿನಲ್ಲಿ ಎಂಟು ವರ್ಷದ ತನ್ನ ಮಗನನ್ನೇ ಮಲಗಿಸಿ ಪರೀಕ್ಷೆಗೆ ತೊಡಗಿದನು. ನಡುರಾತ್ರಿಯಲ್ಲಿ ಲೇಖನಿಗಳು ಹುಡುಗನು ಎದ್ದು ಅತ್ತಿತ್ತ ನೋಡುತ್ತಿದ್ದಾನೆಂಬಂತೆ ತೂಗಾಡಿದವು. ಒಳಗೆ ಹೋಗಿ ನೋಡಿದರೆ ಹುಡುಗನಿಗೆ ಒಳ್ಳೆಯ ನಿದ್ದೆ! ಯಂತ್ರವೇ ಕೆಟ್ಟಿರಬಹುದೆಂದು ಅನುಮಾನಿಸಿ, ಮತ್ತೆ ಮತ್ತೆ ಪರೀಕ್ಷಿಸಿದ ಮೇಲೆ, ನಿದ್ದೆಯಲ್ಲಿ ಕಣ್ಣುಗಳು ವೇಗವಾಗಿ ಚಲಿಸುವ ಹಂತವೊಂದು ಇದೆಯೆಂದು ಗುರುಶಿಷ್ಯರು 1953ರಲ್ಲಿ ಪ್ರಕಟಿಸಿದರು. ಕನಸಿಗೂ ಆ ಹಂತಕ್ಕೂ ನಂಟಿರುವುದು ಹೀಗೆ ಹೊರಬಿದ್ದಿತು.

ನನಗೆ ಇಲ್ಲಿ ಮುಖ್ಯವಾಗಿ ಕಾಣುವುದು ಆತನು ಎದ್ದು ಒಳಗೆ ಹೋಗಿ ನೋಡಿದ ಆ ಗಳಿಗೆ. ಯಂತ್ರವು ಗೆರೆ ಎಳೆಯಬಲ್ಲದು. ಆ ಗೆರೆ ದೇಹದ್ದೋ ತಂತಿಯದೋ ಎಂದು ಸಂದೇಹಪಡುವವನು ಮನುಷ್ಯ. ನಿದ್ರಾ ತಂತ್ರಜ್ಞನ ಕಸುಬಿನ ಬೀಜ ಅಲ್ಲಿದೆ.

1968ರಲ್ಲಿ ರೆಕ್ಟ್‌ಶಾಫೆನ್ ಮತ್ತು ಕೇಲ್ಸ್ ಎಂಬಿಬ್ಬರು ನಿದ್ದೆಯ ಹಂತಗಳನ್ನು ಗುರುತಿಸುವ ಕೈಪಿಡಿಯನ್ನು ಸಿದ್ಧಗೊಳಿಸಿದರು. ಕಾಗದ ಸೆಕೆಂಡಿಗೆ 10 ಮಿಲಿಮೀಟರಿನಂತೆ ಓಡಿದರೆ 30 ಸೆಕೆಂಡಿಗೆ ಒಂದು ಪುಟ. ಓದುಗರು ಲೆಕ್ಕ ಹಾಕಿ ನೋಡಬಹುದು: 8 ಗಂಟೆಯ ನಿದ್ದೆಗೆ 960 ಪುಟ, 288 ಮೀಟರ್ ಕಾಗದ! ಒಂದೊಂದು ಪುಟಕ್ಕೂ ಕಣ್ಣು ಹಾಯಿಸಿ ಹಂತ ಬರೆಯಬೇಕು. ಆರಂಭದಲ್ಲಿ ಈ ದುಡಿಮೆ ವಿದ್ಯಾರ್ಥಿಗಳದೂ ಸಹಾಯಕರದೂ ಆಗಿತ್ತು. ಪ್ರಬಂಧಗಳ ಮೇಲೆ ಅವರಲ್ಲಿ ಬಹುಮಂದಿಯ ಹೆಸರಿಲ್ಲ.

ಈ ನಡುವೆ, 1965ರಲ್ಲಿ, ಫ್ರಾನ್ಸ್ ಮತ್ತು ಜರ್ಮನಿಯ ವೈದ್ಯರು ಬೇರೆಬೇರೆಯಾಗಿ, ನಿದ್ದೆಯಲ್ಲಿ ಉಸಿರು ಕಟ್ಟುವ ರೋಗವನ್ನು ದಾಖಲೆಸಹಿತ ತೋರಿಸಿದ್ದರು. ಅಲ್ಲಿಗೆ ಕುತೂಹಲದ ವಿಷಯ ಚಿಕಿತ್ಸೆಯ ವಿಷಯವಾಯಿತು. 1970ರಲ್ಲಿ ವಿಲಿಯಂ ಡಿಮೆಂಟನು ಸ್ಟ್ಯಾನ್‌ಫರ್ಡಿನಲ್ಲಿ ನಿದ್ರಾರೋಗಗಳ ಚಿಕಿತ್ಸಾಲಯವನ್ನು ತೆರೆದನು. 1974ರ ಹೊತ್ತಿಗೆ ಈ ಪರೀಕ್ಷೆಗೆ ‘ಪಾಲಿಸೋಮ್ನೋಗ್ರಫಿ’ ಎಂಬ ಗ್ರೀಕ್-ಲ್ಯಾಟಿನ್ ಬೆರಕೆಯ ಹೆಸರು ಬಂದಿತು. ಕಾವಲಿದ್ದವರು 1978ರಲ್ಲಿ ತಮ್ಮದೇ ಸಂಘವನ್ನು ಕಟ್ಟಿಕೊಂಡರು. 1979ರಲ್ಲಿ ಮೊದಲ ಅರ್ಹತಾಪರೀಕ್ಷೆ ನಡೆಯಿತು. ಕೂಲಿಯಂತೆ ಕಾಣುತ್ತಿದ್ದ ಜಾಗರಣೆ ಅಂದಿನಿಂದ ವೃತ್ತಿಯಾಯಿತು. 1981ರಲ್ಲಿ ಸಿಡ್ನಿಯ ಕಾಲಿನ್ ಸಲಿವನ್ ಮತ್ತು ಸಂಗಡಿಗರು ಮೂಗಿನ ಮೂಲಕ ಒತ್ತಡದ ಗಾಳಿ ಹಾಯಿಸಿ ಗಂಟಲು ಮುಚ್ಚದಂತೆ ತಡೆಯುವ ಉಪಾಯವನ್ನು ಪ್ರಕಟಿಸಿದ ಬಳಿಕ, ಆ ಒತ್ತಡವನ್ನು ರಾತ್ರಿಯೆಲ್ಲ ಹದಗೊಳಿಸುವ ಹೊಣೆಯೂ ತಂತ್ರಜ್ಞನ ಪಾಲಿಗೆ ಬಂದಿತು.

ಪರೀಕ್ಷೆಗೆ ಕೂರುವವನು ಕಲಿತಿರಬೇಕಾದುದೇನು? ಮೂಗಿನ ಬುಡದಿಂದ ಹಿಂದಲೆಯ ಉಬ್ಬಿನವರೆಗೆ ಅಳತೆಪಟ್ಟಿ ಹಿಡಿದು, ನೂರಕ್ಕೆ ಹತ್ತು, ಇಪ್ಪತ್ತರ ಲೆಕ್ಕದಲ್ಲಿ ಗುರುತು ಹಾಕಿ ಲೋಹದ ಚಿಕ್ಕ ಬಿಲ್ಲೆಗಳನ್ನು ಅಂಟಿಸಬೇಕು. ದೀಪ ಆರಿಸುವ ಮೊದಲು ರೋಗಿಯಿಂದ ಕಣ್ಣು ಹೊರಳಿಸಿ, ಹಲ್ಲು ಕಚ್ಚಿಸಿ, ಉಸಿರು ಬಿಗಿಹಿಡಿಸಿ, ಗೆರೆಗಳು ನಂಬತಕ್ಕವೇ ಎಂದು ನೋಡಬೇಕು. ಬೆವರಿದರೆ ಬರುವ ನಿಧಾನದ ಅಲೆ ಗಾಢನಿದ್ದೆಯ ಅಲೆಯಂತೆಯೇ ಕಾಣುತ್ತದೆ. ಆಗ ಕೋಣೆಯನ್ನು ತಂಪುಮಾಡಬೇಕೆಂಬ ವಿವೇಕ ಬೇಕು. 10 ಸೆಕೆಂಡಿಗೂ ಮೀರಿ ಉಸಿರು ನಿಂತರೆ ಎಣಿಸಬೇಕು. ಉಸಿರು ನಿಲ್ಲುವುದೂ ಕುಗ್ಗುವುದೂ ಸೇರಿ ಗಂಟೆಗೆ 30ನ್ನು ಮುಟ್ಟಿದರೆ ರೋಗ ತೀವ್ರವೆಂದು ಅರ್ಥ. ಅರ್ಹತೆ ಪಡೆದ ಮೇಲೂ ಐದು ವರ್ಷಕ್ಕೊಮ್ಮೆ ಅದನ್ನು ನವೀಕರಿಸಬೇಕು.

ಇಂದು ಕಾಗದ ಹೋಗಿ ಕಂಪ್ಯೂಟರಿನ ಪರದೆ ಬಂದಿದೆ. ಹಂತಗಳನ್ನು ಯಂತ್ರವೇ ಗುರುತಿಸುತ್ತದೆ. ಮನೆಯಲ್ಲೇ ಮಲಗಿ ಮಾಡಿಸಿಕೊಳ್ಳುವ ಸರಳ ಪರೀಕ್ಷೆಗಳೂ ಇವೆ. ಹೀಗಿರುವಲ್ಲಿ ಈ ಕಾವಲುಗಾರನು ಬೇಕೇ ಎಂದು ಕೇಳುವವರಿದ್ದಾರೆ. ಬೇಕು ಎಂದೇ ನನ್ನ ಎಣಿಕೆ. ನಡುರಾತ್ರಿ ಹೃದಯದ ಗತಿ ತಪ್ಪಿದರೆ ವೈದ್ಯನನ್ನು ಕರೆಯುವವನು, ಕಳಚಿದ ತಂತಿಯನ್ನು ನಿದ್ದೆ ಕೆಡದಂತೆ ಮತ್ತೆ ಅಂಟಿಸುವವನು, ಹೊಸ ಜಾಗದಲ್ಲಿ ತಂತಿಗಳ ನಡುವೆ ಅಂಜಿ ಮಲಗಿದವನಿಗೆ ಧೈರ್ಯ ಹೇಳುವವನು ಅವನೇ.

ನಮ್ಮ ಜನಪದರು ರಾಮನ ವನವಾಸವನ್ನು ಹೇಳುವಾಗ ಹದಿನಾಲ್ಕು ವರ್ಷ ರೆಪ್ಪೆ ಮುಚ್ಚದ ಲಕ್ಷ್ಮಣನನ್ನು ಮರೆಯುವುದಿಲ್ಲ. ನಿದ್ರಾಶಾಸ್ತ್ರದ ಚರಿತ್ರೆಯಲ್ಲಿಯೂ ಮಲಗಿದವರ ಪಕ್ಕದಲ್ಲಿ ಎಚ್ಚರವಿದ್ದವರಿಗೆ ಒಂದು ಅಧ್ಯಾಯ ಸಲ್ಲಬೇಕು.