ಅಧ್ಯಕ್ಷರ ಹೆಲಿಕಾಪ್ಟರ್ ಮತ್ತು ಸುಟ್ಟ ಹುಲ್ಲು

ಅಮೆರಿಕದ ಶ್ವೇತಭವನದ ಹುಲ್ಲುಹಾಸಿನ ಮೇಲೆ ಹಸಿರು-ಬಿಳಿ ಹೆಲಿಕಾಪ್ಟರ್ ಇಳಿಯುವುದನ್ನು ನೀವು ಟಿ.ವಿ.ಯಲ್ಲಿ ನೋಡಿರಬಹುದು. ನೌಕಾಪದಾತಿ ದಳದ ಆ ಹೆಲಿಕಾಪ್ಟರಿನಲ್ಲಿ ಅಧ್ಯಕ್ಷರು ಇರುವಷ್ಟು ಹೊತ್ತು ಅದರ ಹೆಸರು ‘ಮರೀನ್ ಒನ್’. 1957ರಲ್ಲಿ ಅಧ್ಯಕ್ಷ ಐಸೆನ್‌ಹೋವರ್ ಮೊದಲು ಹಾರಿದ್ದು ಬೆಲ್ ಕಂಪೆನಿಯ ಪುಟ್ಟ ಹೆಲಿಕಾಪ್ಟರಿನಲ್ಲಿ. 1960ರ ದಶಕದಲ್ಲಿ ಸಿಕೋರ್‌ಸ್ಕಿ ಕಂಪೆನಿಯ ‘ಸೀ ಕಿಂಗ್’ ಬಂತು. ಅದರ ‘ವಿಎಚ್-3ಡಿ’ ಮಾದರಿ 1970ರ ದಶಕದಿಂದ ಸೇವೆಯಲ್ಲಿದೆ. ಇಷ್ಟು ಶ್ರೀಮಂತ ದೇಶಕ್ಕೆ ಅದನ್ನು ಬದಲಾಯಿಸಲು ಏಕೆ ಅಷ್ಟು ಕಷ್ಟವಾಯಿತು?

2001ರ ಸೆಪ್ಟೆಂಬರ್ 11ರ ದಾಳಿಯ ನಂತರ ಬೇಡಿಕೆಗಳ ಪಟ್ಟಿ ಬೆಳೆಯಿತು. ಕ್ಷಿಪಣಿಯಿಂದ ರಕ್ಷಣೆ ಬೇಕು, ಗುಪ್ತ ಸಂಪರ್ಕ ಸಾಧನಗಳು ಬೇಕು, ದೂರವೂ ಹಾರಬೇಕು. ಪ್ರತಿಯೊಂದಕ್ಕೂ ತೂಕವಿದೆ. ಇಲ್ಲಿ ಭೌತಶಾಸ್ತ್ರ ಅಡ್ಡ ಬರುತ್ತದೆ. ಹೆಲಿಕಾಪ್ಟರ್ ಗಾಳಿಯನ್ನು ಕೆಳಕ್ಕೆ ತಳ್ಳಿ ತನ್ನ ಭಾರವನ್ನು ಹೊರುತ್ತದೆ. ಒಂದೆಡೆ ನಿಂತು ಹಾರಲು ಬೇಕಾದ ಆದರ್ಶ ಸಾಮರ್ಥ್ಯವು ತೂಕದ 1.5ನೆಯ ಘಾತಕ್ಕೆ ಅನುಪಾತದಲ್ಲಿರುತ್ತದೆ. ತೂಕ ಶೇ. 10 ಹೆಚ್ಚಿದರೆ ಸಾಮರ್ಥ್ಯ ಸುಮಾರು ಶೇ. 15 ಹೆಚ್ಚಬೇಕು. (ಕ್ಯಾಲ್ಕುಲೇಟರಿನಲ್ಲಿ 1.1ರಿಂದ ನೀವೇ ಪರೀಕ್ಷಿಸಿ.) ರೋಟರನ್ನು ದೊಡ್ಡದು ಮಾಡಿದರೆ ಹೊರೆ ತಗ್ಗುತ್ತದೆ ನಿಜ, ಆದರೆ ಅಧ್ಯಕ್ಷರ ಅಂಗಳದ ಮರಗಳು ಅದಕ್ಕೆ ಜಾಗ ಬಿಡಬೇಕಲ್ಲ!

2005ರಲ್ಲಿ ಲಾಕ್‌ಹೀಡ್ ಮಾರ್ಟಿನ್ ಕಂಪೆನಿಗೆ ಗುತ್ತಿಗೆ ಸಿಕ್ಕಿತು. ಆಧಾರ, ಯೂರೋಪಿನ ಮೂರು ಎಂಜಿನ್‌ಗಳ ‘ಇಎಚ್-101’. 28 ಹೆಲಿಕಾಪ್ಟರುಗಳಿಗೆ ಸುಮಾರು 610 ಕೋಟಿ ಡಾಲರ್ ಎಂಬ ಅಂದಾಜು 2009ರ ಹೊತ್ತಿಗೆ 1300 ಕೋಟಿಗೆ ಏರಿತು. ಎರಡನೆಯ ಹಂತಕ್ಕೆ ಎಂಜಿನ್, ಗೇರ್, ಅಲಗು ಎಲ್ಲವೂ ಹೊಸದಾಗಬೇಕಿತ್ತು. ಅಂದರೆ ಕೊಳ್ಳಲು ಹೋದದ್ದು ಇದ್ದ ಹೆಲಿಕಾಪ್ಟರನ್ನು, ಕಟ್ಟಲು ಹೊರಟದ್ದು ಬೇರೊಂದನ್ನು. ಆ ವರ್ಷ ರಕ್ಷಣಾ ಕಾರ್ಯದರ್ಶಿ ರಾಬರ್ಟ್ ಗೇಟ್ಸ್ ಯೋಜನೆಯನ್ನೇ ಕೈಬಿಟ್ಟರು. ತಯಾರಾಗಿದ್ದ ಒಂಬತ್ತನ್ನು ಕೆನಡಾ 2011ರಲ್ಲಿ ಬಿಡಿಭಾಗಗಳಿಗಾಗಿ ಕೊಂಡಿತು.

ಇದೇ ವಂಶದ ಹೆಲಿಕಾಪ್ಟರ್ ನಮ್ಮ ದೇಶಕ್ಕೂ ಬಂದಿತ್ತು. ಗಣ್ಯರ ಪ್ರಯಾಣಕ್ಕಾಗಿ 2010ರಲ್ಲಿ ಭಾರತ 12ನ್ನು ಕೊಳ್ಳಲು ಒಪ್ಪಂದ ಮಾಡಿಕೊಂಡಿತು. ಮೂರು ಬಂದವು, ಲಂಚದ ಆರೋಪದಿಂದಾಗಿ 2014ರ ಜನವರಿ 1ರಂದು ಒಪ್ಪಂದ ರದ್ದಾಯಿತು. 6000 ಮೀಟರ್ ಎತ್ತರ ಹಾರಬೇಕೆಂಬ ಮೊದಲ ಷರತ್ತನ್ನು 4500ಕ್ಕೆ ಇಳಿಸಿದ್ದು ಆ ವಿವಾದದ ಒಂದು ಎಳೆ. ತೆಳುಗಾಳಿಯಲ್ಲಿ ಭಾರ ಹೊರುವುದು ಇನ್ನೂ ಕಷ್ಟ ಎಂಬುದನ್ನು ನೆನಪಿಡಿ.

2014ರಲ್ಲಿ ಅಮೆರಿಕ ಸಿಕೋರ್‌ಸ್ಕಿಯ ಬಳಿಗೇ ಮರಳಿತು. ಈ ಸಲ ನಾಗರಿಕ ಸೇವೆಯಲ್ಲಿ ಪಳಗಿದ್ದ ‘ಎಸ್-92’ಕ್ಕೆ ಉಪಕರಣ ಜೋಡಿಸಿದರೆ ಸಾಕೆಂಬ ನಿಲುವು. ನನ್ನ ದೃಷ್ಟಿಯಲ್ಲಿ ಇದೇ ವಿವೇಕದ ತೀರ್ಮಾನ. ಆದರೂ ಲೆಕ್ಕ ನೋಡಿ. ಸೀ ಕಿಂಗ್‌ನ ಗರಿಷ್ಠ ತೂಕ ಸುಮಾರು 9.5 ಟನ್, ರೋಟರಿನ ವ್ಯಾಸ 18.9 ಮೀಟರ್. ಎಸ್-92ರದು ಸುಮಾರು 12 ಟನ್, ವ್ಯಾಸ ಕೇವಲ 17.2 ಮೀಟರ್. ರೋಟರಿನ ಪ್ರತಿ ಚದರ ಮೀಟರಿಗೆ ಭಾರ 34 ಕಿಲೋಗ್ರಾಮಿನಿಂದ 52ಕ್ಕೆ ಏರಿತು. ಎಂಜಿನ್‌ಗಳು ಹೆಚ್ಚು ಇಂಧನ ಉರಿಸಲೇಬೇಕು. ಆ ಶಕ್ತಿಯ ಬಹುಪಾಲು ಬಿಸಿ ಅನಿಲವಾಗಿ ಹೊರಬೀಳುತ್ತದೆ.

2018ರ ಪರೀಕ್ಷೆಯಲ್ಲಿ ಹೊಸ ‘ವಿಎಚ್-92ಎ’ಯ ಬಿಸಿ ಅನಿಲಕ್ಕೆ ಶ್ವೇತಭವನದ ಹುಲ್ಲು ಸುಟ್ಟಿತು. 23 ಹೆಲಿಕಾಪ್ಟರುಗಳ ತಯಾರಿ ಮುಗಿದು, 2024ರ ಆಗಸ್ಟ್‌ನಲ್ಲಿ ಅದು ಮೊದಲ ಬಾರಿ ಅಧ್ಯಕ್ಷರನ್ನು ಹೊತ್ತು ಹಾರಿತು. ಆ ಹಾರಾಟ ನಡೆದದ್ದು ಶ್ವೇತಭವನದ ಅಂಗಳದಲ್ಲಲ್ಲ, ಶಿಕಾಗೋದಲ್ಲಿ.