ದಾನಪತ್ರದಲ್ಲಿಲ್ಲದ ಸಾಲು: ಕಾಮಸಮುದ್ರ ಹೋಬಳಿಯ ಹಿರಿಯರ ರಕ್ಷಣೆ

ಬಂಗಾರಪೇಟೆ ತಾಲ್ಲೂಕಿನ ಕಾಮಸಮುದ್ರ ಗಡಿನಾಡಿನ ಹೋಬಳಿ. 2001ರ ಫೆಬ್ರವರಿ 28ರಂದು ಕೆಜಿಎಫ್‌ನ ಚಿನ್ನದ ಗಣಿ ಮುಚ್ಚಿದ ಮೇಲೆ ಈ ಸೀಮೆಯ ದುಡಿಯುವ ವಯಸ್ಸಿನವರು ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಹೋಗಿ ಇರುಳು ಹಿಂದಿರುಗುವುದು ರೂಢಿಯಾಗಿದೆ. ಹಗಲಿಡೀ ಮನೆಯಲ್ಲಿ ಉಳಿಯುವವರು ವಯಸ್ಸಾದವರು. ಪಹಣಿ ಇರುವುದೂ ಬಹುಮಟ್ಟಿಗೆ ಅವರ ಹೆಸರಿನಲ್ಲೇ. ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್‌ವೇ ತಾಲ್ಲೂಕನ್ನು ಹಾಯುತ್ತಿರುವಾಗ ಆ ಪಹಣಿಯ ತೂಕ ಹೆಚ್ಚಿದೆ. ಇಂಥ ಕಡೆ ಹಿರಿಯರ ಮೇಲಿನ ದೌರ್ಜನ್ಯದ ಮೊದಲ ಗುರುತನ್ನು ಮೈಮೇಲಿನ ಬಾಸುಂಡೆಗಿಂತ ಮುಂಚೆ ಕಾಗದಪತ್ರಗಳಲ್ಲಿ ಹುಡುಕಬೇಕೆಂಬುದು ನನ್ನ ವಾದ.

ತಂದೆತಾಯಿಯರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಅಧಿನಿಯಮ, 2007ರ 23ನೇ ಪ್ರಕರಣ ಈ ದೃಷ್ಟಿಯಿಂದ ಮುಖ್ಯವಾದದ್ದು. ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಆಸ್ತಿ ಪಡೆದವರು ನೋಡಿಕೊಳ್ಳದಿದ್ದರೆ, ಉಪವಿಭಾಗಾಧಿಕಾರಿಯ ನ್ಯಾಯಮಂಡಳಿ ಆ ಪತ್ರವನ್ನು ಅನೂರ್ಜಿತವೆಂದು ಸಾರಬಹುದು. ತೊಡಕಿರುವುದು ಷರತ್ತಿನಲ್ಲಿ. ದಾನಪತ್ರಗಳಲ್ಲಿ ‘ಪ್ರೀತಿ ವಿಶ್ವಾಸದಿಂದ’ ಎಂಬ ಮಾತು ತಪ್ಪದೆ ಬರುತ್ತದೆ. ಊಟ, ಔಷಧಿ, ಇರಲು ಕೋಣೆಯ ಮಾತು ಬರುವುದು ಅಪರೂಪ. ಸುದೇಶ್ ಛಿಕಾರಾ ಪ್ರಕರಣದಲ್ಲಿ (2022) ಸುಪ್ರೀಂ ಕೋರ್ಟ್, ಷರತ್ತು ಇತ್ತೆಂದು ತೋರಿಸದೆ 23ನೇ ಪ್ರಕರಣದ ನೆರವು ಸಿಗದು ಎಂದಿತು. ಊರ್ಮಿಳಾ ದೀಕ್ಷಿತ್ ಪ್ರಕರಣದಲ್ಲಿ (2025) ತಾಯಿಗೆ ಆಸ್ತಿ ಮರಳಿತು. ಅಲ್ಲಿ ಕಾಯಿದೆಯನ್ನು ಉದಾರವಾಗಿ ಓದಲಾಯಿತು ನಿಜ, ಆದರೆ ಕೊನೆತನಕ ಸಾಕುವೆನೆಂಬ ಮಗನ ವಚನಪತ್ರವೂ ನ್ಯಾಯಾಲಯದ ಮುಂದಿತ್ತು. ಬಾಯಿಮಾತನ್ನೇ ನಂಬಿ ಹೆಬ್ಬೆಟ್ಟು ಒತ್ತಿದ ತಾಯಿಗೆ ಅಂಥ ಆಸರೆ ಎಲ್ಲಿದೆ? ನನ್ನನ್ನು ತೀವ್ರವಾಗಿ ಕಾಡುವ ಅನ್ಯಾಯ ಇದು.

60 ದಾಟಿದ ಆರರಲ್ಲಿ ಒಬ್ಬರು ವರ್ಷವೊಂದರಲ್ಲಿ ಯಾವುದಾದರೊಂದು ಬಗೆಯ ದುರ್ವರ್ತನೆಗೆ ಒಳಗಾಗುತ್ತಾರೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ದೂರು ಕೊಡುವವರು ಕಡಿಮೆ, ಏಕೆಂದರೆ ದೂರಬೇಕಾದದ್ದು ಹೆತ್ತ ಮಕ್ಕಳನ್ನೇ. ಆದ್ದರಿಂದ ಗುರುತಿಸುವ ಹೊಣೆ ಹೊರಗಿನವರದು. ಸಂಧ್ಯಾ ಸುರಕ್ಷಾ ಪಿಂಚಣಿಯ ಪಾಸ್‌ಬುಕ್ ಯಾರ ಕೈಯಲ್ಲಿದೆ? ಬಿಪಿ ಮಾತ್ರೆ ತಿಂಗಳ ನಡುವೆ ನಿಂತುಹೋಯಿತೇ? ಆಶಾ ಕಾರ್ಯಕರ್ತೆ ಬಂದು ಅಜ್ಜಿಯನ್ನು ಕೇಳಿದರೆ ಪ್ರತಿಸಲ ಸೊಸೆಯೋ ಮಗನೋ ಉತ್ತರಿಸುತ್ತಾರೆಯೇ? ಒಂದೊಂದೇ ನೋಡಿದರೆ ಯಾವುದೂ ಪುರಾವೆಯಲ್ಲ. ಮೂರೂ ಕೂಡಿದರೆ ವಿಚಾರಿಸದೆ ಬಿಡಬಾರದು.

ನ್ಯಾಯಮಂಡಳಿ ದೂರಿಗೆ ಕಾಯದೆ ತಾನಾಗಿಯೂ ಪ್ರಕರಣ ಕೈಗೆತ್ತಿಕೊಳ್ಳಬಹುದು. 14567 ಸಹಾಯವಾಣಿಗೆ ನೆರೆಯವರೂ ಕರೆ ಮಾಡಬಹುದು. ಆದರೂ ತಡೆಯುವ ಕೆಲಸ ಶುರುವಾಗಬೇಕಾದದ್ದು ನೋಂದಣಿಗೆ ಮುಂಚೆ, ಪತ್ರ ಬರಹಗಾರರ ಮೇಜಿನ ಬಳಿ. ಮಕ್ಕಳನ್ನು ಆಚೆ ಕೂರಿಸಿ, ಕೊಡುವವರಿಗೆ ಪತ್ರವನ್ನು ಅವರ ಮನೆಮಾತಿನಲ್ಲಿ—ತೆಲುಗಾದರೆ ತೆಲುಗು, ತಮಿಳಾದರೆ ತಮಿಳು—ಓದಿ ಹೇಳಬೇಕು. ಜೀವವಿರುವತನಕ ವಾಸದ ಹಕ್ಕು, ಊಟ, ಚಿಕಿತ್ಸೆ, ತಪ್ಪಿದರೆ ಪತ್ರ ರದ್ದು ಎಂಬುದನ್ನು ಸ್ಪಷ್ಟವಾಗಿ ಬರೆಸಿದ ಮೇಲೆಯೇ ಹೆಬ್ಬೆಟ್ಟು ಪಡೆಯಬೇಕು.